ಹವಳದ ತೊಟ್ಟಿಯ ಕಾವಲು

ಫೆಬ್ರವರಿ 23, ರವಿವಾರ

ಕ್ಷಾರ 8.4. ಪಿಎಚ್ 8.2.

ಹವಳದ ತೊಟ್ಟಿಯ ರಿಯಾಕ್ಟರ್ ಕೊನೆಗೂ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಕೂತವರು ಎದ್ದಾಗ ಮೂರು ಹೊಡೆದಿತ್ತು. ಸ್ಟೇಶನ್ ಬಜಾರದಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟಿರುವ ಸಲಾವುದ್ದೀನ್ ಜೊತೆಗಿದ್ದ. ನೋಡಲು ಉಪ್ಪಿನಕಾಯಿ ಭರಣಿಯಂಥ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸತ್ತ ಹವಳದ ಚೂರುಗಳು. ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಗುಳ್ಳೆಯಾಗಿ ಅದರೊಳಗೆ ಹೋಗುತ್ತದೆ, ನೀರು ಹುಳಿಯಾಗುತ್ತದೆ, ಹುಳಿ ನೀರು ಚೂರುಗಳನ್ನು ಕರಗಿಸುತ್ತದೆ. ಆ ಸುಣ್ಣದ ನೀರು ತುದಿಯ ಸಣ್ಣ ನಳದಿಂದ ಹನಿಹನಿಯಾಗಿ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಲ್ಲಿ ಬದುಕಿರುವ ಹವಳಗಳು ಅದನ್ನು ಉಂಡು ಎಲುಬು ಕಟ್ಟಿಕೊಳ್ಳುತ್ತವೆ. ಇಷ್ಟು ದಿನ ನಾನೇ ಪುಡಿ ಕಲಸಿ ಎರಡು ಹೊತ್ತು ಹಾಕುತ್ತಿದ್ದೆ, ಊರೂರು ತಿರುಗುವ ನೌಕರಿಯವನಿಗೆ ಅದು ಆಗುವ ಮಾತಲ್ಲ. ನಿಮಿಷಕ್ಕೆ ಇಪ್ಪತ್ತು ಗುಳ್ಳೆ, ನಲವತ್ತು ಹನಿ ಎಂದು ನಿಗದಿ ಮಾಡಿದ್ದೇವೆ. ನೀರಿನ ಕ್ಷಾರ ಎಂಟರ ಮೇಲೆ, ಪಿಎಚ್ 8.2ರ ಆಸುಪಾಸು ಇದ್ದರೆ ಹವಳ ಕ್ಷೇಮ.

ಇದನ್ನು ಹೀಗೇ ಇರಲು ಬಿಡುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಇಪ್ಪತ್ತೆರಡು ವರ್ಷ ವಿದ್ಯುತ್ ಕಂಪನಿಯ ಜಾಗೃತ ದಳದಲ್ಲಿ ಕರೆಂಟು ಕಳ್ಳರನ್ನು ಹಿಡಿದವನು ನಾನು. ಮೀಟರು ತಾನಾಗಿ ನಿಧಾನವಾಗಿದ್ದನ್ನು ಒಮ್ಮೆಯೂ ನೋಡಿಲ್ಲ. ಯಾರೋ ನಿಧಾನ ಮಾಡಿರುತ್ತಾರೆ, ಮತ್ತು ಅವರೇ ಮೊದಲು ಬಂದು ನೀರು ಬೇಕೇನ್ರಿ ಸಾಹೇಬ್ರ ಎಂದು ಕೇಳುತ್ತಾರೆ. ಅದಕ್ಕೇ ದಿನಾ ಬರೆದಿಡುತ್ತೇನೆ.

ಅಕ್ಕ ಮಂಜುಷಾ ಬಂದು ಐದು ದಿನವಾಯಿತು. ಕಮಲಾಪುರದ ಶಾಲೆಯಲ್ಲಿ ಟೀಚರು, ಮದುವೆ ಬೇಡವೆಂದವಳು. ಜನವರಿಯಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ್ದಾರೆ, ಬೆರಳು ಮಡಚುವುದಿಲ್ಲ. ಎರಡು ತಿಂಗಳು ದಿನಾ ಫಿಜಿಯೊಥೆರಪಿ ಆಗಬೇಕು, ನಡುವೆ ಬಿಟ್ಟರೆ ಬೆರಳು ಹಾಗೇ ಬಿಗಿದುಕೊಂಡುಬಿಡುತ್ತವೆ, ಆಮೇಲೆ ಸೀಮೆಸುಣ್ಣ ಹಿಡಿಯುವುದನ್ನು ಮರೆಯಬೇಕು ಎಂದು ಡಾಕ್ಟರರು ಹೇಳಿದ್ದಾರೆ. ದಿನಾ ಕಮಲಾಪುರದಿಂದ ಓಡಾಡುವುದು ಬೇಡ, ಇಲ್ಲೇ ಇರು ಎಂದು ಕರೆದು ತಂದವನು ನಾನೇ.

ಮಾರ್ಚ್ 4, ಮಂಗಳವಾರ

ಕ್ಷಾರ 7.6. ಪಿಎಚ್ 8.2.

ಹನಿ ನಲವತ್ತರಿಂದ ಇಪ್ಪತ್ತೆರಡಕ್ಕೆ ಇಳಿದಿದೆ. ನಾನು ಮುಟ್ಟಿಲ್ಲ. ಮಾಧವಿಯನ್ನು ಕೇಳಿದರೆ ನಕ್ಕಳು. "ನಿಮ್ಮ ತೊಟ್ಟಿ ಹತ್ರ ಹೋಗಲಿಕ್ಕೆ ನನಗ ಪುರುಸೊತ್ತು ಎಲ್ಲದ್ರಿ? ಮುಂಜಾನೆ ಅಡಗಿ, ಆಮ್ಯಾಲ ಕಾಲೇಜಿನ ಲೈಬ್ರರಿ." ಹೆಂಡತಿ ನಕ್ಕರೆ ನಂಬಬೇಕೆಂದೇನೂ ಇಲ್ಲ, ಆದರೂ ಇವಳ ಮೇಲೆ ಅನುಮಾನ ಕಡಿಮೆ.

ಸಲಾವುದ್ದೀನನಿಗೆ ಫೋನು ಮಾಡಿದೆ. "ಸುಣ್ಣ ಕಟ್ತದ ಸಾಬ್, ನಳದ ತುದೀಗೆ. ಅದು ಹಂಗೇ. ವಾರಕ್ಕೊಮ್ಮೆ ಬಿಚ್ಚಿ ತೊಳೀರಿ" ಎಂದ. ಮಾರಿದವನು ಮತ್ತೇನು ಹೇಳುತ್ತಾನೆ? ನಳ ಬಿಚ್ಚಿ ತೊಳೆದೆ. ಹನಿ ಮತ್ತೆ ನಲವತ್ತಕ್ಕೆ ಬಂತು. ಅದರಿಂದ ಅವನು ಹೇಳಿದ್ದು ನಿಜವೆಂದಾಗುವುದಿಲ್ಲ. ಯಾರೋ ತಿರುವಿದ್ದನ್ನು ತೊಳೆಯುವಾಗ ನಾನೇ ಸರಿ ಮಾಡಿರಬಹುದು.

ಮಾರ್ಚ್ 8, ಶನಿವಾರ

ಕ್ಷಾರ 8.1. ಪಿಎಚ್ 8.2.

ಅಡುಗೆಮನೆಯಲ್ಲಿ ಅಕ್ಕ ಮಾಧವಿಗೆ ಹೇಳುತ್ತಿದ್ದಳು: "ಡಾಕ್ಟರ್ ಹೇಳ್ಯಾರವಾ, ಎಲ್ಲೆ ತಿರುವೋದು ಸಿಗ್ತದ ಅಲ್ಲೆ ತಿರುವ್ರಿ ಅಂತ. ಡಬ್ಬಿ ಮುಚ್ಚಳಾ, ನಳಾ, ಚಿಲಕಾ, ಏನಾರ ಆಗ್ಲಿ."

ನಾನು ಬಾಗಿಲ ಈಚೆ ನಿಂತಿದ್ದೆ. ನಳ ಎಂದಳು. ಸ್ಪಷ್ಟವಾಗಿ ಕೇಳಿಸಿತು.

ಮಾರ್ಚ್ 11, ಮಂಗಳವಾರ

ಕ್ಷಾರ 8.3. ಪಿಎಚ್ 8.2.

ಆಫೀಸಿನಿಂದ ತಂತಿ ಮತ್ತು ಸೀಸದ ಸೀಲು ತಂದೆ. ಮೀಟರಿಗೆ ಹಾಕುವಂಥದ್ದೇ. ಹನಿ ಬೀಳುವ ನಳಕ್ಕೊಂದು, ಗ್ಯಾಸಿನ ತಿರುಪಿಗೊಂದು ಹಾಕಿ ಇಕ್ಕಳದಿಂದ ಒತ್ತಿದೆ. ಮಾಧವಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಹಾಲಿನ ಪಾತೇಲಿಗೂ ಒಂದು ಹಾಕ್ರಿ, ಬೆಕ್ಕು ಬರ್ತದ" ಎಂದಳು. ಅಕ್ಕನೂ ನಕ್ಕಳು. ಅಕ್ಕ ಸ್ವಲ್ಪ ಹೆಚ್ಚೇ ನಕ್ಕಳು ಅನಿಸಿತು.

ಮಾರ್ಚ್ 17, ಸೋಮವಾರ

ಕ್ಷಾರ 7.5. ಪಿಎಚ್ 8.2.

ಹನಿ ಇಪ್ಪತ್ತನಾಲ್ಕು. ಸೀಲು ಒಡೆದಿಲ್ಲ. ನಾನೇ ಅದನ್ನು ಬಿಚ್ಚಿ, ನಳ ತೊಳೆದು, ಹೊಸ ಸೀಲು ಒತ್ತಿದೆ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದರು. ಸೀಲು ಒಡೆಯದೆ ಮೀಟರು ನಿಲ್ಲಿಸಿದವರನ್ನು ಶರಣಸಿರಸಗಿಯ ಹೊಸ ಬಡಾವಣೆಯಲ್ಲೇ ಮೂರು ಜನರನ್ನು ಹಿಡಿದಿದ್ದೇನೆ. ಅವರೆಲ್ಲ ಓದಿದವರು. ಅಕ್ಕನೂ ಓದಿದವಳು.

ಕೆಂಪು ಹವಳದ ಬುಡದಲ್ಲಿ ಚರ್ಮ ಸುಲಿದು ಬಿಳಿ ಕಾಣುತ್ತಿದೆ. ಕ್ಷಾರ ಹೀಗೆ ಏರಿಳಿದರೆ ಆಗುವುದೇ ಅದು. ಮೂರು ವರ್ಷದ ಹಿಂದೆ ಉಗುರಿನಷ್ಟು ತುಂಡು ತಂದು ಅಂಗೈಯಗಲ ಬೆಳೆಸಿದ್ದೆ. ಮಧ್ಯಾಹ್ನದ ಊಟ ಬೇಡವೆಂದೆ.

ಮಾರ್ಚ್ 20, ಗುರುವಾರ

ಕ್ಷಾರ 8.0. ಪಿಎಚ್ 8.2.

ಇವತ್ತು ಬೆಳಿಗ್ಗೆ ಬೇಗ ಎದ್ದೆ. ತೊಟ್ಟಿಯ ಕೋಣೆಯಲ್ಲಿ ಅಕ್ಕ! ಮೂಡಣ ದಿಕ್ಕಿನ ಕಿಟಕಿ ಪೂರ್ತಿ ತೆರೆದು ಬಿಸಿಲಿಗೆ ಮುಖ ಮಾಡಿ ನಿಂತು ಸ್ತೋತ್ರ ಹೇಳುತ್ತಿದ್ದಳು. ದಿನಾ ಹೀಗೇ ಮಾಡುತ್ತಾಳಂತೆ, ಬಂದ ದಿನದಿಂದ. ಕಿಟಕಿಯನ್ನು ಒಂಬತ್ತರವರೆಗೂ ತೆರೆದಿಡುತ್ತಾಳಂತೆ, ನಾನು ಎದ್ದು ಪಡಸಾಲೆಯಲ್ಲಿ ಪೇಪರು ಓದುವಾಗಲೂ.

"ಧೂಳು ಬರ್ತದಕ್ಕಾ" ಎಂದೆ.

"ಖೋಲಿ ಮುಗ್ಗಲು ಹಿಡದದೋ ಸುಮಧ್ವಾ. ಒಂದೀಟು ಗಾಳಿ ಆಡ್ಲಿ. ಮೀನಿಗೂ ಛಲೋ."

ಮೀನಿನ ಬಗ್ಗೆ ಇವಳಿಗೇಕೆ ಇಷ್ಟು ಕಾಳಜಿ? ಮೊದಲ ದಿನ ಆ ಡಬ್ಬಿ ನೋಡಿ "ಎಲುಬು ತುಂಬೀಯಲ್ಲೋ ಇದರಾಗ, ಛೀ" ಎಂದವಳು.

ಮಾರ್ಚ್ 22, ಶನಿವಾರ

ಕ್ಷಾರ 8.2. ಪಿಎಚ್ 8.2.

ಕಿಟಕಿಗೂ ಸೀಲು ಹಾಕಿದೆ. ಹೇಗೂ ಬಿಸಿಲು ನಲವತ್ತು ದಾಟಿದೆ, ಎಸಿ ಹಾಕಲೇಬೇಕು, ಕಿಟಕಿ ತೆರೆದರೆ ತಂಪು ಹೊರಗೆ ಹೋಗುತ್ತದೆ. ಕಾರಣ ಕೇಳಿದವರಿಗೆ ಅದನ್ನೇ ಹೇಳಿದೆ. ನನ್ನ ಹಾಸಿಗೆಯನ್ನೂ ಇಲ್ಲಿಗೇ ತಂದೆ. ಮಲಗಿದಾಗ ಬಾಗಿಲಿಗೆ ಒಳಗಿನಿಂದ ಚಿಲಕ, ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಕೀಲಿ. ಇನ್ನು ನೋಡೋಣ.

ಅಕ್ಕ ಸ್ತೋತ್ರವನ್ನು ಹಿತ್ತಲಿಗೆ ಒಯ್ದಿದ್ದಾಳೆ. ಏನೂ ಕೇಳಲಿಲ್ಲ. ಕೇಳದೆ ಇದ್ದುದನ್ನೂ ಗಮನಿಸಿದ್ದೇನೆ.

ಮಾರ್ಚ್ 29, ಶನಿವಾರ

ಕ್ಷಾರ 8.5. ಪಿಎಚ್ 7.8.

ಕ್ಷಾರ ಸರಿಯಾಗಿದೆ, ಪಿಎಚ್ ಇಳಿಯುತ್ತಿದೆ, ನೀರು ಹುಳಿಯಾಗುತ್ತಿದೆ. ಅಂದರೆ ಗ್ಯಾಸು ಹೆಚ್ಚಾಗಿ ಹೋಗುತ್ತಿದೆ. ಗುಳ್ಳೆ ಎಣಿಸಿದೆ, ಇಪ್ಪತ್ತೇ. ಮತ್ತೆ ಎಣಿಸಿದೆ, ಇಪ್ಪತ್ತೇ. ನಾನಿಲ್ಲದಾಗ ಹೆಚ್ಚು ಮಾಡಿ, ಬರುವ ಹೊತ್ತಿಗೆ ಮೊದಲಿನಂತೆ ಮಾಡಿಡುತ್ತಿರಬೇಕು. ಕೋಣೆಯ ಇನ್ನೊಂದು ಕೀಲಿ ಮಾಧವಿಯ ಕಪಾಟಿನಲ್ಲಿದೆ. ಅದನ್ನೂ ನನ್ನ ಜೇಬಿಗೆ ಹಾಕಿಕೊಂಡೆ.

ಹವಳಗಳು ಅರಳುತ್ತಿಲ್ಲ. ತುದಿಯಲ್ಲಿ ಹೊಸ ಬೆಳವಣಿಗೆಯ ಬಿಳಿ ಚುಕ್ಕೆ ಮಾಯವಾಗಿದೆ. ನನಗೂ ಬೆಳಿಗ್ಗೆ ಎದ್ದರೆ ತಲೆ ಭಾರ. ಯೋಚನೆ ಹೆಚ್ಚಾದರೆ ಹಾಗಾಗುತ್ತದೆ.

ನಾಳೆ ಯುಗಾದಿ. ಮಾಧವಿ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 3, ಗುರುವಾರ

ಪಿಎಚ್ 7.7.

ಇವತ್ತು ಹಿಡಿದೆ.

ಬೆಳಿಗ್ಗೆ ಹೊರಡುವ ಮೊದಲು ಗ್ಯಾಸಿನ ತಿರುಪಿಗೂ ನಳಕ್ಕೂ ಅರಿಶಿನ ಹಚ್ಚಿದ್ದೆ, ತೆಳ್ಳಗೆ, ಕಣ್ಣಿಗೆ ಕಾಣದಷ್ಟು. ಕೋಣೆಗೆ ಕೀಲಿ ಹಾಕಿ ಅದನ್ನು ಬೇಕೆಂದೇ ಮೊಳೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದೆ. ಆಫೀಸಿಗೆ ಹೋಗಿ ಎರಡು ತಾಸಿಗೆ ಮರಳಿ ಬಂದೆ. ಅಕ್ಕ ಪಡಸಾಲೆಯಲ್ಲಿ ಕೂತಿದ್ದಳು.

"ಅಕ್ಕಾ, ಬೆರಳು ತೋರ್ಸು" ಎಂದೆ.

ಅವಳ ಮುಖ ಅರಳಿತು. ಬಲಗೈ ಮುಂದೆ ಚಾಚಿ, ನಾಲಗೆ ಕಚ್ಚಿಕೊಂಡು, ಒಂದೊಂದೇ ಬೆರಳು ಮಡಚತೊಡಗಿದಳು. "ನೋಡೋ, ಇದು ಪೂರಾ ಮಡಚ್ತದ ಈಗ. ಇದು ಅರ್ಧಾ. ಕಿರಿಬೆರಳು ಇನ್ನಾ ಹಟಾ ಮಾಡ್ತದ. ಡಾಕ್ಟರ್ ಅಂದ್ರು, ಇನ್ನ ಮೂರು ವಾರ, ಮಂಜುಷಾಬಾಯಿ, ನೀವು ಬೋರ್ಡಿನ ಮ್ಯಾಲೆ ಬರೀತೀರಿ ಅಂತ. ನಿನಗ ಸಂಜೀಕ ಹೇಳೋಣಂತ ಮಾಡಿದ್ದೆ."

"ಹಳದಿ ಆಗ್ಯಾವ" ಎಂದೆ.

"ಏನು?"

"ಬೆರಳು ಹಳದಿ ಆಗ್ಯಾವಕ್ಕಾ. ತಿರುಪಿಗೆ ನಾ ಅರಿಶಿಣಾ ಹಚ್ಚಿ ಹೋಗಿದ್ದೆ. ತಿಂಗಳಾತು ನೋಡ್ಲಿಕ್ಕೆ ಹತ್ತೀನಿ. ಯಾಕ ಮಾಡ್ತಿ? ನನ್ನ ಹವಳಾ ಸತ್ರ ನಿನಗೇನು ಬರ್ತದ?"

ಅಕ್ಕ ಕೈಯನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎದ್ದು ಒಳಗೆ ಹೋದಳು. ತಪ್ಪು ಮಾಡಿಲ್ಲದಿದ್ದರೆ ಇಲ್ಲವೆನ್ನಬೇಕಿತ್ತು. ಇಲ್ಲವೆನ್ನಲಿಲ್ಲ.

ಏಪ್ರಿಲ್ 4, ಶುಕ್ರವಾರ

ಅಕ್ಕ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದಳು. ಬ್ಯಾಗನ್ನು ಎಡಗೈಯಲ್ಲಿ ಹಿಡಿದು ತಾನೇ ಅಟೋ ನಿಲ್ಲಿಸಿದಳು. ಮಾಧವಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ನಂತರ ಬಂದು ನನ್ನೆದುರು ತನ್ನ ಎರಡೂ ಕೈ ಚಾಚಿದಳು.

"ನನ್ನ ಬೆರಳೂ ನೋಡ್ರಿ. ನಿನ್ನೆ ಮುಂಜಾನೆ ಸುಸಲಾ ಮಾಡಿದ್ದೆ. ನೆನೆಸಿದ ಚುರುಮರಿಗೆ ಅರಿಶಿಣಾ ಹಾಕಿ ಕಲಸಲಿಕ್ಕೆ ಅಕ್ಕಾವ್ರಿಗೆ ಕೊಟ್ಟೆ, ಬೆರಳಿಗೆ ಕಸರತ್ತು ಆಗ್ತದಂತ. ನೀವೂ ಎರಡು ಪ್ಲೇಟ್ ತಿಂದು ಹೋದ್ರಿ. ಅರಿಶಿಣಾ ಹಚ್ಚಿ ಕಳ್ಳರನ್ನ ಹಿಡೀತೀರಿ ಅಂದ್ರ ಈ ಓಣಿ ಹೆಂಗಸರನ್ನೆಲ್ಲಾ ಜೇಲಿಗೆ ಹಾಕ್ಬೇಕಾಗ್ತದ."

ಹೌದು, ಸುಸಲಾ ತಿಂದಿದ್ದೆ. ಅದೊಂದು ಸಾಕ್ಷಿ ಹೋಯಿತು ಅಷ್ಟೇ. ಬೇರೆಯವು ಇವೆ.

ಏಪ್ರಿಲ್ 12, ಶನಿವಾರ

ಪಿಎಚ್ 7.7.

ಅಕ್ಕ ಹೋಗಿ ಎಂಟು ದಿನ. ಪಿಎಚ್ ಏರಬೇಕಿತ್ತು, ಏರಿಲ್ಲ. ಹೋಗುವ ಮೊದಲು ಏನೋ ಮಾಡಿಟ್ಟು ಹೋಗಿರಬಹುದು. ಏನೆಂದು ಹುಡುಕುತ್ತಿದ್ದೇನೆ. ಪಿಎಚ್ ನೋಡುವ ಕಡ್ಡಿಯನ್ನು ಎರಡು ಸಲ ತಿದ್ದಿ ನೋಡಿದೆ, ಅದು ಸರಿಯಾಗಿದೆ. ಕೆಂಪು ಹವಳ ಪೂರ್ತಿ ಸತ್ತಿತು. ತೆಗೆದು ಬಕೆಟ್ಟಿನಲ್ಲಿ ಹಾಕಿದೆ.

ಫಿಜಿಯೊಥೆರಪಿಯವರು ಫೋನು ಮಾಡಿದ್ದರು. ಮಂಜುಷಾಬಾಯಿ ಯಾಕೆ ಬರುತ್ತಿಲ್ಲ ಎಂದು. ಊರಿಗೆ ಹೋಗಿದ್ದಾಳೆ ಎಂದೆ. "ಈಗ ಬಿಡಬಾರದಾಗಿತ್ರೀ" ಎಂದರು. ಅವಳೇ ಹೋದಳು, ನಾನೇನು ಕಳಿಸಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಫೋನು ಇಟ್ಟುಬಿಟ್ಟಿದ್ದರು.

ಏಪ್ರಿಲ್ 19, ಶನಿವಾರ

ಮಾಧವಿಯೇ ಸಲಾವುದ್ದೀನನನ್ನು ಕರೆಸಿದಳು. ಕೋಣೆಗೆ ಕಾಲಿಟ್ಟವನೇ ಮೂಗು ಮುಚ್ಚಿಕೊಂಡ. "ಕ್ಯಾ ಸಾಬ್, ಉಸಿರು ಕಟ್ತದಲ್ಲಾ ಇಲ್ಲೆ!" ಕಿಟಕಿಯ ಸೀಲು ನೋಡಿ ನನ್ನ ಮುಖ ನೋಡಿದ.

ಆಮೇಲೆ ಅವನು ಮಾಡಿದ್ದು ಇಷ್ಟೇ. ಒಂದು ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತೆಗೆದುಕೊಂಡ. ಪಿಎಚ್ ನೋಡಿದ, 7.7. ಲೋಟವನ್ನು ಮಾಳಿಗೆಯ ಮೇಲೆ ನೆರಳಿಗೆ ಒಯ್ದು, ಗಾಳಿಯ ಗುಳ್ಳೆ ಬಿಡುವ ಸಣ್ಣ ಪಂಪು ಅದರಲ್ಲಿಟ್ಟು, ಚಹಾ ಕುಡಿಯುತ್ತ ಒಂದು ತಾಸು ಕೂತ. ಮತ್ತೆ ನೋಡಿದ. 8.2.

"ನೀರಿನಾಗ ಖರಾಬಿ ಇಲ್ಲ ಸಾಬ್. ಗಾಳಿನಾಗ ಅದ. ಆ ಖೋಲ್ಯಾಗ ಯಾರು ಮಲಗ್ತಾರ?"

"ನಾನು."

"ಕಿಟಕಿ ಬಂದ್, ಬಾಗಲಾ ಬಂದ್, ಎಸಿ ಅದೇ ಗಾಳಿ ತಿರುಗಸ್ತದ. ಡಬ್ಬಿನಾಗ ಹೋಗೋ ಗ್ಯಾಸೂ ಮನುಷ್ಯಾ ಬಿಡೋ ಉಸಿರೂ ಒಂದೇ ಸಾಬ್. ನೀವು ಬಿಟ್ಟ ಉಸಿರು ನೀರು ಕುಡೀಲಿಕ್ಕೆ ಹತ್ತದ. ಮೊದಲು ಯಾರೋ ಕಿಟಕಿ ತೆಗೀತಿದ್ರು ಅನಸ್ತದ, ಅದಕ್ಕ ಸರಿ ಇತ್ತು."

ಅವನು ಹೋದ ಮೇಲೆ ಈ ಡೈರಿಯನ್ನೇ ತೆಗೆದು ಮೊದಲಿನಿಂದ ಓದಿದೆ. ಅಕ್ಕ ಕಿಟಕಿ ತೆರೆಯುತ್ತಿದ್ದ ಎಲ್ಲ ದಿನವೂ 8.2. ಒಂದು ದಿನವೂ ತಪ್ಪಿಲ್ಲ. ನಾನು ಸೀಲು ಹಾಕಿ ಒಳಗೆ ಮಲಗಿದ ಮೇಲೆ ಇಳಿದಿದೆ. ಹನಿ ನಿಧಾನವಾದದ್ದು ಸುಣ್ಣ ಕಟ್ಟಿ, ಸಲಾವುದ್ದೀನ್ ಮೊದಲೇ ಹೇಳಿದ್ದ. ಆ ತಿರುಪನ್ನು ತಿರುವಲು ನನಗೇ ಇಕ್ಕಳ ಬೇಕಾಗುತ್ತದೆ. ಕಿರಿಬೆರಳು ಮಡಚಲಾರದವಳು ಹೇಗೆ ತಿರುವುತ್ತಿದ್ದಳು? ಇದು ನನಗೆ ಒಂದು ದಿನವೂ ಹೊಳೆಯಲಿಲ್ಲ. ನನಗೆ ನಾಚಿಕೆಯಾಗಿದೆ. ಬೇರೆ ಶಬ್ದ ಹುಡುಕುವುದಿಲ್ಲ.

ಏಪ್ರಿಲ್ 20, ರವಿವಾರ

ಸ್ಕೂಟರಿನಲ್ಲಿ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದುದನ್ನು ಹೊಂದಿಸಿಕೊಂಡಿದ್ದೆ. ಅಕ್ಕ ಬಾಗಿಲು ತೆರೆದು "ಬಾ" ಎಂದಳು. ಮಜ್ಜಿಗೆ ತಂದಳು, ಎಡಗೈಯಲ್ಲಿ. ಬಲಗೈ ಸೆರಗಿನೊಳಗಿತ್ತು.

ಎಲ್ಲ ಹೇಳಿದೆ. ಲೋಟ, ಮಾಳಿಗೆ, ಪಂಪು, 7.7, 8.2. ಡೈರಿಯ ತಾರೀಖುಗಳನ್ನೂ ಹೇಳಿದೆ. ಯಾವ ಅನುಮಾನವೂ ಉಳಿದಿಲ್ಲ, ತಪ್ಪು ಪೂರ್ತಿ ನನ್ನದೇ ಎಂದೆ. ಮಕ್ಕಳು ಉತ್ತರ ಒಪ್ಪಿಸುವಾಗ ಕೂರುತ್ತಾಳಲ್ಲ, ಅಕ್ಕ ಹಾಗೆ ಕೂತು ಕೇಳಿದಳು.

"ಮುಗೀತೇನು?" ಎಂದಳು.

"ಮುಗೀತು."

"ಒಂದ ಮಾತು ಕೇಳ್ತೀನಿ. ಆ ಲೋಟದಾಗಿನ ನೀರು ಏರಲಿಲ್ಲಾ ಅಂದ್ರ, ನೀ ಇವತ್ತು ಬರ್ತಿದ್ದೇನು?"

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ನಿನ್ನ ಕೂಸಿದ್ದಾಗಿಂದ ಎತ್ತಿ ಆಡಿಸೀನಿ. ಐವತ್ಮೂರು ವರ್ಷದಾಕಿ ನಾ. ನನ್ನ ಪರವಾಗಿ ಒಂದು ಲೋಟ ನೀರು ಸಾಕ್ಷಿ ಹೇಳಬೇಕಾತಲ್ಲೋ ಸುಮಧ್ವಾ." ಅವಳು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಮೆಲ್ಲಗೆ ಹೇಳಿದಳು.

ಮನೆಗೆ ಬಾ ಎಂದೆ. ಒಲ್ಲೆ ಎಂದಳು. ಕೈ ತೋರಿಸು ಎನ್ನುವ ಧೈರ್ಯ ನನಗಿರಲಿಲ್ಲ. ಕೊನೆಗೆ ಫಿಜಿಯೊಥೆರಪಿಗಾದರೂ ಬಾ ಎಂದು ಬೇಡಿಕೊಂಡೆ. ಅದಕ್ಕೆ ಹೂಂ ಎಂದಳು. ಇಲ್ಲಿಂದಲೇ ಬಸ್ಸಿಗೆ ಬಂದು ಬಸ್ಸಿಗೇ ಮರಳುತ್ತಾಳಂತೆ.

ಏಪ್ರಿಲ್ 22, ಮಂಗಳವಾರ

ಹದಿನೆಂಟು ದಿನ ಬಿಟ್ಟದ್ದು ಬಹಳವಾಯಿತು ಎಂದರು ಡಾಕ್ಟರರು. ಮೂರು ಬೆರಳು ಬರುತ್ತವೆ. ಉಂಗುರಬೆರಳು, ಕಿರಿಬೆರಳು ಹೇಳಲಾಗದು. ಅಕ್ಕ ಕೇಳಿಸಿಕೊಂಡು ತಲೆಯಾಡಿಸಿದಳು. ನಾನು ಹೊರಗೆ ಹೋಗಿ ನಿಂತೆ.

ಮೇ 2, ಶುಕ್ರವಾರ

ದಿನಾ ಬಸ್‌ಸ್ಟ್ಯಾಂಡಿನಿಂದ ಫಿಜಿಯೊಥೆರಪಿಗೆ ಅಕ್ಕನನ್ನು ನಾನೇ ಕರೆದೊಯ್ಯುತ್ತೇನೆ. ಇಂದು ಅವಳು ಹತ್ತೂವರೆಯ ಬಸ್ಸಿಗೆ ಬರಲಿಲ್ಲ. ಬಿಸಿಲು ವಿಪರೀತ, ಬಸ್‌ಸ್ಟ್ಯಾಂಡಿನ ಕಂಬದ ನೆರಳಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಕಾದೆ. ಹನ್ನೊಂದೂಕಾಲಿನ ಬಸ್ಸು ಬಂತು, ಅದರಲ್ಲೂ ಇಲ್ಲ. ಕಬ್ಬಿನ ಹಾಲು ಮಾರುವವನು ಯಾರಿಗೆ ಕಾಯ್ತೀರಿ ಎಂದ. ಅಕ್ಕ ಬರ್ತಾಳ ಎಂದೆ. ಹನ್ನೆರಡಕ್ಕೊಂದು ಬಂತು. ಅದರಿಂದ ಇಳಿದಳು, ಮುಖವೆಲ್ಲ ಬೆವರು.

"ಮಹಾಗಾಂವದಾಗ ಬಸ್ ಕೆಟ್ಟು ನಿಂತಿತು. ಫೋನ್ ಮನಿಯಾಗ ಬಿಟ್ಟು ಬಂದೀನಿ. ನೀ ಇನ್ನಾ ಇಲ್ಲೇ ನಿಂತೀ?"

"ಹೂಂ."

"ಬರೂದಿಲ್ಲಾ ಅಂತ ತಿಳದು ಹೋಗಬಾರದೇನು? ಯಾರಿಗಾರ ಫೋನ್ ಮಾಡಿ ನಾ ಹೊಂಟೀನೋ ಇಲ್ಲೋ ವಿಚಾರಸಿದ್ಯಾ?"

"ಇಲ್ಲ. ನೀ ಬರ್ತೀನಿ ಅಂದಿದ್ದಿ."

ಅಕ್ಕ ನನ್ನನ್ನೇ ನೋಡಿದಳು. ಏಕೆ ಹಾಗೆ ನೋಡಿದಳೋ ತಿಳಿಯಲಿಲ್ಲ. ನಾನು ಸ್ಕೂಟರು ಶುರು ಮಾಡಿದೆ. ಇಷ್ಟು ದಿನ ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು ಕೂರುತ್ತಿದ್ದವಳು ಇವತ್ತು ಬಲಗೈಯನ್ನು ನನ್ನ ಭುಜದ ಮೇಲಿಟ್ಟು ಹತ್ತಿದಳು. ಮೂರು ಬೆರಳು ಬಿಗಿಯಾಗಿ ಹಿಡಿದವು. ಉಳಿದೆರಡು ಹಿಡಿಯಲಿಲ್ಲ.